ಹಡಗು ಮರಳು ಹತ್ತಿದ ಮೇಲೆ

ಸಮುದ್ರವೇ ಇಲ್ಲದ ನಾಗರಬಾವಿಯಲ್ಲಿ ಕೂತು ಹಡಗಿನ ಕೇಸು ಹೇಗೆ ನಡೆಸುತ್ತೀರಿ ಎಂದು ನೆಂಟರಿಷ್ಟರು ಕೇಳುತ್ತಿರುತ್ತಾರೆ. 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಂದು ಜಾರಿಗೆ ಬಂತು. ಹಡಗನ್ನು ತಡೆದು ನಿಲ್ಲಿಸುವ ಅಧಿಕಾರವುಳ್ಳ ಹೈಕೋರ್ಟುಗಳಲ್ಲಿ ಕರ್ನಾಟಕದ್ದನ್ನೂ ಅದು ಹೆಸರಿಸಿತು. ಮಂಗಳೂರು, ಕಾರವಾರದ ಫೈಲುಗಳು ನನ್ನ ಮೇಜಿಗೆ ಬರತೊಡಗಿದ್ದು ಆಮೇಲೆ.

ಹಡಗು ಮರಳು ಹತ್ತಿದರೆ ದುಡಿದವರಿಗೆಲ್ಲ ದುಡ್ಡು ಸಿಗುವುದಿಲ್ಲ, ಸಾಲಿನಲ್ಲಿ ಮುಂದೆ ನಿಂತವರಿಗೆ ಸಿಗುತ್ತದೆ. ಆ ಫೈಲುಗಳಿಂದ ನಾನು ಕಲಿತದ್ದು ಇದನ್ನೇ. ಕಾಯ್ದೆಯಲ್ಲಿ ಮೊದಲ ಹಕ್ಕು ನಾವಿಕರ ಸಂಬಳದ್ದು. ಬಳಿಕ ಸಾವುನೋವಿನ ಪರಿಹಾರ, ಅದರ ಹಿಂದೆ ಹಡಗನ್ನು ಕಾಪಾಡಿದವರ ಸಾಲ್ವೇಜ್ ಹಣ, ಆಮೇಲೆ ಬಂದರು ಶುಲ್ಕ, ಪೈಲಟ್ ಶುಲ್ಕ. ಬ್ಯಾಂಕಿನ ಅಡಮಾನ ಇನ್ನೂ ಹಿಂದೆ.

ಮಂಗಳೂರು ಧಕ್ಕೆಯ ಟಗ್ ಮಾಲೀಕರೊಬ್ಬರು ಮಳೆಗಾಲದಲ್ಲಿ, ಎಂಜಿನ್ ಕೆಟ್ಟು ದಡದತ್ತ ತೇಲುತ್ತಿದ್ದ ಸರಕು ಹಡಗಿಗೆ ಹಗ್ಗ ಹಾಕಿ ಎಳೆದಿದ್ದರು. ಹಡಗಿನ ಕಡೆಯವರು ನಂತರ ಕಳಿಸಿದ ಕಾಗದದಲ್ಲಿ ಅದು ‘ದಿನಬಾಡಿಗೆ’ ಆಗಿತ್ತು. ಬಾಡಿಗೆಗೆ ಎಳೆದರೆ ಅದು ಬರೀ ಟೋಯಿಂಗ್. ಬಾಕಿ ಕೇಳಬಹುದು, ಆದರೆ ಬ್ಯಾಂಕಿಗಿಂತಲೂ ಹಿಂದೆ ನಿಂತು. “ಆ ಗಾಳಿಯಲ್ಲಿ ಬಾಡಿಗೆ ಯಾರು ಮಾತಾಡುವುದು ಸರ್?” ಎಂದರು ಅವರು. ಕೈಹಿಡಿದದ್ದು ಟಗ್ಗಿನ ಲಾಗ್ ಬುಕ್. ಉಪ್ಪುನೀರಿಗೆ ಅಂಚು ಉಬ್ಬಿದ ಪುಟದಲ್ಲಿ, ಬಾಲ್ ಪೆನ್ನಿನಲ್ಲಿ, ಹಗ್ಗ ಹಾಕಿದ ಗಂಟೆ, ಅದು ತುಂಡಾದ ಗಂಟೆ, ಗಾಳಿಯ ದಿಕ್ಕು, ಉರಿದ ಡೀಸೆಲ್ ಎಲ್ಲ ಇತ್ತು. ಬಾಡಿಗೆಯ ಮಾತು ಬರುವ ಮೊದಲೇ ಹಡಗು ಅಪಾಯದಲ್ಲಿತ್ತು, ಇವರು ತಾವಾಗಿ ಹೋಗಿದ್ದರು ಎಂಬುದಕ್ಕೆ ಆ ಪುಟವೇ ಸಾಕ್ಷಿಯಾಯಿತು. ವಿಮೆಯವರು ರಾಜಿಗೆ ಬಂದರು.

ಸಾಲ್ವೇಜಿಗೂ ಒಂದು ಕಷ್ಟವಿದೆ. ಏನೂ ಉಳಿಯದಿದ್ದರೆ ಸಂಭಾವನೆಯೂ ಇಲ್ಲ. ಎಣ್ಣೆ ಸೋರಿ ಪರಿಸರ ಕೆಡುವ ಭಯವಿದ್ದ ಕಡೆ ಮಾತ್ರ, ಹಡಗು ಉಳಿಯದಿದ್ದರೂ ಖರ್ಚು ಸಿಗುವಂತೆ 1989ರ ಅಂತಾರಾಷ್ಟ್ರೀಯ ಒಪ್ಪಂದ ದಾರಿ ಮಾಡಿತು.

ಸರ್ಕಾರದ ಲೆಕ್ಕ ಬೇರೆ. 1962ರ ಕಸ್ಟಮ್ಸ್ ಕಾಯ್ದೆಯ 21ನೇ ಸೆಕ್ಷನ್ನಿನಂತೆ, ಒಡೆದ ಹಡಗಿನಿಂದ ದಡಕ್ಕೆ ಬಂದ ವಸ್ತು ಆಮದು ಸರಕಿಗೆ ಸಮ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಸಿಕ್ಕಿಬಿದ್ದ ‘ಪ್ರಿನ್ಸೆಸ್ ಮಿರಾಲ್’ ಚೀನಾದಿಂದ ಲೆಬನಾನಿಗೆ ಉಕ್ಕಿನ ಸುರುಳಿ ಒಯ್ಯುತ್ತಿತ್ತು. ನಮ್ಮವರು ಯಾರೂ ತರಿಸಿದ ಮಾಲಲ್ಲ. ಆದರೂ ಅಂಥದ್ದನ್ನು ಎತ್ತಿ ತರುವವರು ಸುಂಕವನ್ನೂ ಲೆಕ್ಕ ಹಾಕಿಯೇ ನೀರಿಗಿಳಿಯಬೇಕು. ಟ್ಯಾಂಕಿನಲ್ಲಿ ಎಣ್ಣೆ ಇರುವಾಗ ಇಲಾಖೆಯಿಂದ ಇಲಾಖೆಗೆ ಅಲೆಸುವುದು ತಪ್ಪು. ಇದಕ್ಕೊಂದು ಏಕಗವಾಕ್ಷಿ ಬೇಕೇ ಬೇಕು. ತಡವಾದಷ್ಟೂ ನಷ್ಟ ಅನುಭವಿಸುವವರು ದಡದ ಮೀನುಗಾರರು.

ಆ ಹಡಗಿನ 15 ಸಿರಿಯನ್ ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಸಮುದ್ರದಲ್ಲಿ ಎಷ್ಟೋ ಸಲ ಮೊದಲು ತಲುಪುವುದು ಮೀನುಗಾರರ ದೋಣಿಯೇ. ಜೀವ ಉಳಿಸಿದವರ ಸಂಭಾವನೆಯನ್ನು 1958ರ ವಾಣಿಜ್ಯ ನೌಕಾ ಕಾಯ್ದೆ ಉಳಿದೆಲ್ಲ ಸಾಲ್ವೇಜ್ ಬೇಡಿಕೆಗಳಿಗಿಂತ ಮೇಲಿಟ್ಟಿತ್ತು. ಕೇಳಲು ಸಂಕೋಚ ಬೇಡ. ಹರಿದ ಬಲೆಯ, ಸುಟ್ಟ ಡೀಸೆಲಿನ ಖರ್ಚು ನಿಮ್ಮ ಮನೆಯದು. ದೋಣಿ, ಟಗ್ ಇಟ್ಟುಕೊಂಡವರೆಲ್ಲ ಹೊರಟ ಗಂಟೆಯಿಂದಲೇ ಬರೆದಿಡಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ವರ್ಷದೊಳಗೆ ಹಡಗನ್ನು ತಡೆಹಿಡಿಸದಿದ್ದರೆ ಸಾಲ್ವೇಜಿನ ಆ ಆದ್ಯತೆಯ ಹಕ್ಕು ಬಿದ್ದುಹೋಗುತ್ತದೆ. ತಡಮಾಡದೆ ವಕೀಲರನ್ನು ಕಾಣಿರಿ.