ನಾಯಿ ಮಲಗಿದೆ, ರೊಕ್ಕ ಎಷ್ಟು ಬೇಕು?

ನಮ್ಮ ಕಡೆ ಪಶು ಆಸ್ಪತ್ರೆಗೆ ‘ದನದ ದವಾಖಾನಿ’ ಎಂದೇ ಹೆಸರು. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ಎತ್ತು, ಎಮ್ಮೆ, ಆಡುಗಳ ಸಾಲಿನಲ್ಲಿ ನಾಯಿ ಹಿಡಿದು ನಿಲ್ಲಲು ಹೊಸಬರಿಗೆ ಸಂಕೋಚ. ಹಾಗಾಗಿ ನಾಯಿ ರಕ್ತ ಕಾರಿದ ಕೂಡಲೇ ಹೈದರಾಬಾದಿಗೆ ಕಾರು ಮಾಡುತ್ತಾರೆ. ಬಾಡಿಗೆಗೆ ಅರ್ಧ ರೊಕ್ಕ ಹೋಯಿತು, ಸಲಾಯಿನ್ ಹಚ್ಚಬೇಕಿದ್ದ ಮೂರು ತಾಸೂ ದಾರಿಯಲ್ಲೇ ಹೋದವು. ಮೊದಲ ಸೂಜಿ ಊರಲ್ಲೇ ಆಗಲಿ. ದೂರದೂರಿನ ಮಾತು ಆಮೇಲೆ.

ಮರಿಗಳಿಗೆ ಬರುವ ಪಾರ್ವೋ ನೋಡಿ. ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ. ಆ ವೈರಸ್ಸನ್ನೇ ಕೊಲ್ಲುವ ಅಗ್ಗದ ಮದ್ದು ಯಾವ ಊರಿನ ಅಂಗಡಿಯಲ್ಲೂ ಸಿಗುವುದಿಲ್ಲ. ಮೈಯಿಂದ ಹರಿದುಹೋದ ನೀರನ್ನು ತುಂಬುತ್ತಾ, ವಾಂತಿ ತಡೆಯುತ್ತಾ, ನಾಲ್ಕೈದು ದಿನ ಜೀವ ಹಿಡಿದಿಡುವುದೇ ಚಿಕಿತ್ಸೆ. ಇಲ್ಲಿ ಬಿಲ್ಲು ಬೆಳೆಯುವುದು ದಿನಗಳ ಲೆಕ್ಕದಲ್ಲಿ. ಆದ್ದರಿಂದ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ “ಒಟ್ಟು ಎಷ್ಟಾಗುತ್ತದೆ?” ಎಂದಲ್ಲ. “ದಿನಕ್ಕೆ ಎಷ್ಟು? ನಾಡಿದ್ದಿನೊಳಗೆ ಯಾವ ಗುಣ ಕಂಡರೆ ಮುಂದುವರಿಸೋಣ?” ಎಂದು ಕೇಳಿ. ನನ್ನ ಹತ್ತಿರ ಇಷ್ಟೇ ಇದೆ ಎಂದು ಮೊದಲೇ ಹೇಳಿಬಿಡುವುದು ಅವಮಾನವಲ್ಲ. ಎಷ್ಟಿದೆ ಎಂದು ಗೊತ್ತಾದರೆ ಯಾವ ಪರೀಕ್ಷೆ ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ಅವರೇ ವಿಂಗಡಿಸುತ್ತಾರೆ.

ನಮ್ಮ ಸೀಮೆಯಲ್ಲಿ ಪಾರ್ವೋಗಿಂತ ಕಳ್ಳಹೆಜ್ಜೆಯ ರೋಗ ಉಣ್ಣಿಜ್ವರ. ಊಟ ಬಿಡುತ್ತದೆ, ಒಸಡು ಬಿಳಚುತ್ತದೆ, ಮೂಗಿನಿಂದ ರಕ್ತ ಬರುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ. ಕಿವಿಯಂಚಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ನೋಡುವುದು ಕಡಿಮೆ ಖರ್ಚಿನ ಪರೀಕ್ಷೆ. ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಅಗ್ಗ, ಆದರೆ ಸುಮಾರು 28 ದಿನ ತಪ್ಪದೆ ಕೊಡಬೇಕು. ಗುಳಿಗೆ ಪುಡಿ ಮಾಡಿ ಹಾಲಿಗೆ ಬೆರೆಸಬೇಡಿ. ಹಾಲಿನ ಕ್ಯಾಲ್ಸಿಯಂ ಮದ್ದನ್ನು ಪೂರ್ತಿ ಮೈಗೆ ಹತ್ತಗೊಡುವುದಿಲ್ಲ. ತಡ ಮಾಡಿ, ರಕ್ತ ಕೊಡಿಸುವ ಹಂತಕ್ಕೆ ಬಂದಿರೋ, ಆಗ ಖರ್ಚಿಗೆ ಮಿತಿಯಿಲ್ಲ.

ಇನ್ನೊಂದು ತಮಾಷೆ: ಶಹಾಬಾದಿನ ಫರ್ಸಿಕಲ್ಲು ಬಿಸಿಲಲ್ಲಿ ನಾಯಿಗೆ ತಂಪು ಹಾಸಿಗೆ, ಅದರ ಸಂದುಗಳು ಉಣ್ಣಿಗೆ ಬಾಣಂತಿಕೋಣೆ. ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣಿ ನಾಯಿಯ ಮೈಯಿಂದ ಉದುರಿ ಗೋಡೆಯ, ಕಲ್ಲಿನ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮದ್ದು ಹಾಕಿ ಮನೆಯ ಸಂದು ಬಿಟ್ಟವರು ಅದೇ ಬಿಲ್ಲನ್ನು ಮತ್ತೆ ಕಟ್ಟುತ್ತಾರೆ.

ಶಸ್ತ್ರಚಿಕಿತ್ಸೆ ಬೇಕೆಂದರೆ? ಸಂತಾನಹರಣ ಮಾಡಿಸದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದರೆ ಕಾಯುವಂತಿಲ್ಲ. ವಾಡಿ, ಶಹಾಬಾದಿನವರಿಗೆ ಕಲಬುರಗಿ ಹತ್ತಿರ. ಚಿಂಚೋಳಿಯವರು ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಮರೆಯಬಾರದು. ಕಲಿಸುವ ಆಸ್ಪತ್ರೆಯಾದ್ದರಿಂದ ಖಾಸಗಿಗಿಂತ ಹಗುರ. ಹೊರಡುವ ಮುನ್ನ ಫೋನ್ ಮಾಡಿ, ಊರಿನ ಡಾಕ್ಟರು ಯಾವ ಪರೀಕ್ಷೆ ಮಾಡಿದರು, ಏನು ಕೊಟ್ಟರೆಂಬ ಚೀಟಿ ಒಯ್ಯಿರಿ. ಒಂದೇ ಪರೀಕ್ಷೆಗೆ ಎರಡು ಸಲ ರೊಕ್ಕ ತೆರಬೇಕಾಗುವುದಿಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆ ಮುಖ್ಯವಾಗಿ ದನಕರುಗಳಿಗಾಗಿ ಬಂದದ್ದು; ಆದರೂ ಕೇಳಿ ನೋಡುವುದಕ್ಕೆ ಖರ್ಚೇನಿಲ್ಲ.

ನಾಯಿಗೂ ವಿಮೆ ಇದೆ. ಆದರೆ ರೋಗ ಬಂದ ಮೇಲೆ ಮಾಡಿಸಿದರೆ ಆ ರೋಗಕ್ಕೆ ದಕ್ಕದು. ಮನೆಯಲ್ಲಿರುವ ಮನುಷ್ಯರ ಜ್ವರದ, ನೋವಿನ ಗುಳಿಗೆ ಕೊಟ್ಟು ರೊಕ್ಕ ಉಳಿಸಲು ಹೋಗಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಆಗ ಎರಡು ರೋಗಕ್ಕೆ ಬಿಲ್ಲು.

ಪಾರ್ವೋದಿಂದ ಮರಿ ಸತ್ತ ಮನೆಗೆ ದುಃಖ ಮರೆಯಲೆಂದು ಮರುವಾರವೇ ಇನ್ನೊಂದು ಮರಿ ತರುವವರಿದ್ದಾರೆ. ಆ ವೈರಸ್ಸು ಅಂಗಳದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ತರುವುದಾದರೆ ಲಸಿಕೆಯ ಎಲ್ಲ ಸುತ್ತೂ ಮುಗಿದ ನಾಯಿಯನ್ನೇ ತನ್ನಿ, ಫರ್ಸಿಯನ್ನು ಬ್ಲೀಚಿಂಗ್ ನೀರಿನಿಂದ ತೊಳೆದ ಮೇಲೆ.