ಒಂದು ಪೆಡಲ್, ನಾಲ್ಕು ಚಾನೆಲ್

ದಕ್ಷಿಣ ಬೆಂಗಳೂರಿನಲ್ಲಿ ಗಿಟಾರ್ ನುಡಿಸಿ ಬದುಕುವವರ ವರ್ಷ ಶುರುವಾಗುವುದೇ ಗಣೇಶನ ಹಬ್ಬದಿಂದ. ಜಯನಗರ, ಬನಶಂಕರಿ, ಜೆ.ಪಿ. ನಗರದ ಬೀದಿಗಳಲ್ಲಿ ಪೆಂಡಾಲ್ ಎದ್ದರೆ ನಮಗೆ ಕೆಲಸ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ನವೆಂಬರ್, ತಿಂಗಳಿಡೀ ರಾಜ್ಯೋತ್ಸವ. ಒಂದೇ ಸಂಜೆಯಲ್ಲಿ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಭಾವಗೀತೆ, ಅದರ ಬೆನ್ನಿಗೇ 1981ರ ‘ಗೀತಾ’ ಚಿತ್ರದ ಇಳಯರಾಜಾ ಹಾಡು, ಆಮೇಲೆ 1987ರ ‘ಪ್ರೇಮಲೋಕ’, ಕೊನೆಗೆ ಹುಡುಗರು ಕೂಗಿ ಕೇಳುವ ‘ಮುಂಗಾರು ಮಳೆ’. ಹಾಡಿಗೂ ಹಾಡಿಗೂ ನಡುವೆ ನಿರೂಪಕರು ಎರಡು ಮಾತಾಡುವಷ್ಟು ಮಾತ್ರ ಬಿಡುವು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕಾದ್ದರಿಂದ, ಒಂಬತ್ತೂವರೆಯ ಮೇಲೆ ಆ ಬಿಡುವೂ ಸಿಗುವುದಿಲ್ಲ.

ಇಷ್ಟು ಬಗೆಯ ಹಾಡುಗಳಿಗೆ ನನ್ನ ಕಾಲ ಬಳಿ ಇರುವುದು ಗಿಟಾರಿನ ನಾದ ಬದಲಿಸುವ ಒಂದು ಪ್ರೊಸೆಸರ್, ಅದಕ್ಕೆ ಜೋಡಿಸಿದ ಒಂದೇ ಒಂದು ಎಕ್ಸ್‌ಪ್ರೆಶನ್ ಪೆಡಲ್. ಎರಡನೆಯದನ್ನು ಇಡಲು ಈ ವೇದಿಕೆಗಳಲ್ಲಿ ಜಾಗವಿಲ್ಲ. ಕೀಬೋರ್ಡ್ ಸ್ಟ್ಯಾಂಡ್, ತಬಲಾ ಮೈಕು, ರಿದಂ ಪ್ಯಾಡ್‌ಗಳ ನಡುವೆ ನನಗೆ ಸಿಗುವುದು ಒಂದು ಕುರ್ಚಿಯಷ್ಟು ನೆಲ. ಹಾಗಾಗಿ ಆ ಒಂದೇ ಪೆಡಲ್ ಯಾವ ಹಾಡಿನಲ್ಲಿ ಯಾವ ಕೆಲಸ ಮಾಡಬೇಕು, ಯಾವ ಹಾಡಿನಲ್ಲಿ ಏನೂ ಮಾಡಬಾರದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕು. ವರ್ಷಗಳ ಅನುಭವದಿಂದ ನಾನು ಕಲಿತದ್ದರಲ್ಲಿ ಬೇರೆಯವರಿಗೆ ಹೇಳಬಹುದಾದದ್ದು ಇದ್ದರೆ ಇದೇ.

ನನ್ನದು ಫ್ರ್ಯಾಕ್ಟಲ್ ಆಡಿಯೊ ಕಂಪನಿಯ ಎಫ್‌ಎಂ3. ಈ ಅಮೆರಿಕನ್ ಕಂಪನಿ 2018ರಲ್ಲಿ ಆಕ್ಸ್-ಎಫ್‌ಎಕ್ಸ್ 3 ತಂದಾಗ, ಹಿಂದಿನ ಮಾದರಿಯಲ್ಲಿ ಎಕ್ಸ್, ವೈ ಎಂದು ಎರಡೇ ಇದ್ದ ಜಾಗದಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಚಾನೆಲ್ ಕೊಟ್ಟಿತು. 2020ರಲ್ಲಿ ಬಂದ ಎಫ್‌ಎಂ3 ಅದೇ ವ್ಯವಸ್ಥೆಯ ಚಿಕ್ಕ ಯಂತ್ರ. ಡಿಲೇ, ವಾ, ಡ್ರೈವ್, ವಾಲ್ಯೂಮ್ ಇವೆಲ್ಲ ಒಂದೊಂದು ಬ್ಲಾಕ್. ಒಂದು ಬ್ಲಾಕಿನ ಎಲ್ಲ ಗುಂಡಿಗಳ ಒಂದು ಹೊಂದಿಕೆ ಎಂದರೆ ಒಂದು ಚಾನೆಲ್. ಎಂಟು ಸೀನ್‌ಗಳಿವೆ. ಯಾವ ಬ್ಲಾಕ್ ಆನ್, ಯಾವುದು ಆಫ್, ಯಾವುದು ಯಾವ ಚಾನೆಲ್‌ನಲ್ಲಿ ಎಂಬುದನ್ನು ಪ್ರತಿ ಸೀನೂ ನೆನಪಿಟ್ಟುಕೊಳ್ಳುತ್ತದೆ. ಭಾವಗೀತೆಗೆ ಒಂದು ಸೀನ್, ಎಂಬತ್ತರ ದಶಕದ ಹಾಡಿಗೆ ಒಂದು, ಲೀಡ್‌ಗೆ ಒಂದು, ವಾ ಬೇಕಾದ ಹಾಡಿಗೆ ಇನ್ನೊಂದು. ಹೆಚ್ಚಿನ ಕಾರ್ಯಕ್ರಮಗಳಿಗೆ ನನಗೆ ಇಷ್ಟು ಸಾಕು.

ಬ್ಲಾಕಿನ ಯಾವುದಾದರೂ ಗುಂಡಿಯನ್ನು ಕೈಯಿಂದ ತಿರುಗಿಸುವ ಬದಲು ಪೆಡಲ್‌ಗೆ ಒಪ್ಪಿಸುವುದು ಮಾಡಿಫೈಯರ್‌ನ ಕೆಲಸ. ಪೆಡಲ್ ಹಿಮ್ಮಡಿಯಲ್ಲಿದ್ದಾಗ ಎಷ್ಟು, ಮುಂಗಾಲಿನಲ್ಲಿದ್ದಾಗ ಎಷ್ಟು, ನಡುವಿನ ಏರಿಕೆ ನೇರವೋ ಬಾಗಿದ್ದೋ, ಎಷ್ಟು ಮಿಲಿಸೆಕೆಂಡ್ ನಯವಾಗಿ ಹಿಂಬಾಲಿಸಬೇಕು ಎಂಬುದನ್ನೆಲ್ಲ ಆ ಪುಟದಲ್ಲೇ ಹೇಳಬಹುದು. ಅದೇ ಪುಟದಲ್ಲಿ ಚಾನೆಲ್ ಎಂಬ ಒಂದು ಸಾಲಿದೆ: ಎಲ್ಲ ಚಾನೆಲ್‌ಗೂ, ಅಥವಾ ಎ, ಬಿ, ಸಿ, ಡಿಗಳಲ್ಲಿ ಒಂದಕ್ಕೆ. ಪೆಡಲ್ ಜೋಡಿಸಿದ ಖುಷಿಯಲ್ಲಿ ಹೆಚ್ಚಿನವರು ಈ ಸಾಲಿನವರೆಗೆ ಇಳಿಯುವುದೇ ಇಲ್ಲ. ನಾನು ಈಗ ಮೊದಲು ತುಂಬುವುದು ಇದನ್ನೇ.

ಕಾರಣ ಇಷ್ಟೆ. ಡಿಲೇ ಬ್ಲಾಕಿನ ಮಿಕ್ಸ್ ಗುಂಡಿಯನ್ನು ಪೆಡಲ್‌ಗೆ ಕೊಟ್ಟು ‘ಎಲ್ಲ’ ಎಂದು ಬಿಟ್ಟರೆ, ಲೀಡ್‌ನಲ್ಲಿ ಪ್ರತಿಧ್ವನಿ ಏರಿಸಲು ಮುಂದೆ ತುಳಿದ ಪೆಡಲ್ ಮುಂದಿನ ಭಾವಗೀತೆಗೂ ಅಲ್ಲೇ ನಿಂತಿರುತ್ತದೆ. ಗಾಯಕಿ ಪಲ್ಲವಿ ಎತ್ತಿಕೊಂಡಾಗ ಗಿಟಾರ್ ಯಾವುದೋ ಗುಹೆಯಿಂದ ಬಂದಂತೆ ಕೇಳುತ್ತದೆ. ಮಿಕ್ಸ್‌ನ ಮಾಡಿಫೈಯರನ್ನು ಸಿ ಚಾನೆಲ್‌ಗೆ ಮಾತ್ರ ಕಟ್ಟಿ, ಲೀಡ್ ಸೀನ್ ಒಂದರಲ್ಲೇ ಸಿ ಇಟ್ಟರೆ, ಎ ಮತ್ತು ಬಿ ಚಾನೆಲ್‌ಗಳಲ್ಲಿ ನಾನು ಕೂಡಿಸಿಟ್ಟ ಅಳತೆ ಅಲುಗುವುದಿಲ್ಲ, ಪೆಡಲ್ ಎಲ್ಲೇ ಇರಲಿ. ವಾಲ್ಯೂಮ್ ಬ್ಲಾಕಿಗೂ ಹೀಗೆಯೇ. ಎ ಚಾನೆಲ್‌ನಲ್ಲಿ ಪೆಡಲ್ ಜೀವಂತ, ಬಿ ಚಾನೆಲ್‌ನಲ್ಲಿ ಶಬ್ದ ಪೂರ್ತಿ ತೆರೆದಿರುತ್ತದೆ. ಲಯ ಹಿಡಿದು ನುಡಿಸುವ ಹಾಡುಗಳೆಲ್ಲ ಬಿ.

ನಮ್ಮ ತಂಡದಲ್ಲಿ ಎರಡನೇ ಗಿಟಾರ್ ನುಡಿಸುವ ಹುಡುಗ ಒಮ್ಮೆ ಬಿ.ಟಿ.ಎಂ. ಲೇಔಟ್‌ನ ಅಭ್ಯಾಸದ ಕೋಣೆಯಲ್ಲಿ ನನ್ನ ಪೆಡಲ್ ತುಳಿದು ನೋಡಿ ಕೇಳಿದ: “ಅಣ್ಣಾ, ಇದು ಕೆಟ್ಟಿದೆಯಾ? ಏನೂ ಆಗ್ತಿಲ್ಲ.”

“ಕೆಟ್ಟಿಲ್ಲ ಕಣೋ. ಈ ಸೀನ್‌ನಲ್ಲಿ ಅದಕ್ಕೆ ಕೆಲಸ ಕೊಟ್ಟಿಲ್ಲ.”

ಅವನಿಗೆ ಅದು ವಿಚಿತ್ರ ಅನ್ನಿಸಿತು. ದುಡ್ಡು ಕೊಟ್ಟು ತಂದ ಪೆಡಲ್ ಎಲ್ಲ ಕಡೆಯೂ ದುಡಿಯಲಿ ಎಂಬುದು ಅವನ ಆಸೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪಕ್ಕವಾದ್ಯದವನ ನಾದ ತಾನಾಗಿ ಬದಲಾಗಬಾರದು. ಹಾಡುವವರು ಅದನ್ನು ನಂಬಿ ಉಸಿರು ಎಳೆದುಕೊಂಡಿರುತ್ತಾರೆ.

ಇನ್ನೊಂದು ತೊಡಕು ಹೆಚ್ಚು ಯೋಚನೆ ಬೇಡಿತು. ಸೀನ್ ಬದಲಿಸಿದ ಕ್ಷಣದಲ್ಲಿ ಹೊಸ ಚಾನೆಲ್‌ನ ಮಾಡಿಫೈಯರ್ ಪೆಡಲ್ ಆಗ ಎಲ್ಲಿದೆಯೋ ಅಲ್ಲಿಂದಲೇ ಓದತೊಡಗುತ್ತದೆ. ಆದ್ದರಿಂದ ಪೆಡಲ್ ಸುಮ್ಮನಿರುವಾಗ ಎಲ್ಲಿರಬೇಕು ಎಂಬುದಕ್ಕೆ ಎಲ್ಲ ಚಾನೆಲ್‌ಗಳೂ ಒಪ್ಪುವ ಒಂದು ಜಾಗ ಬೇಕು. ನಾನು ಹಿಮ್ಮಡಿಯನ್ನು ಆರಿಸಿಕೊಂಡೆ. ಡಿಲೇಗೆ ಅಲ್ಲಿ ಮಿಕ್ಸ್ ಕಡಿಮೆ, ತೊಂದರೆಯಿಲ್ಲ. ವಾ ಬ್ಲಾಕ್ ತನ್ನ ಸೀನ್‌ನಲ್ಲಿ ಮಾತ್ರ ಆನ್ ಆಗಿರುತ್ತದೆ, ಅಲ್ಲೂ ಚಿಂತೆಯಿಲ್ಲ. ವಾಲ್ಯೂಮ್‌ನದೇ ಸಮಸ್ಯೆ: ಹಿಮ್ಮಡಿ ಎಂದರೆ ಮೌನ. ಲೀಡ್ ಮುಗಿಸಿ ಪೆಡಲ್ ಹಿಂದಕ್ಕೆ ತಂದು ಭಾವಗೀತೆಯ ಸೀನ್‌ಗೆ ಹೋದರೆ ಮೊದಲ ಸ್ವರವೇ ಕೇಳುವುದಿಲ್ಲ. ಮಾಡಿಫೈಯರನ್ನು ತಿರುವುಮುರುವು ಮಾಡಿ ನೋಡಿದೆ, ಹಿಮ್ಮಡಿಯಲ್ಲಿ ಪೂರ್ತಿ, ಮುಂಗಾಲಿನಲ್ಲಿ ಮೌನ ಅಂತ. ಕಾಲು ಒಪ್ಪಲಿಲ್ಲ. ಕಡೆಗೆ ಕನಿಷ್ಠ ಮಟ್ಟವನ್ನೇ ಸೊನ್ನೆಯಿಂದ ಶೇ. 35ಕ್ಕೆ ಏರಿಸಿದೆ. ಭಾವಗೀತೆಯ ಸಾಲುಗಳ ನಡುವೆ ತಂತಿ ಮೀಟಿದ ಪೆಟ್ಟು ಕೇಳಿಸದೆ ಸ್ವರ ಪಿಟೀಲಿನಂತೆ ಅರಳಬೇಕು, ಅದಕ್ಕೆ ಪೂರ್ಣ ಮೌನದಿಂದ ಏಳಲೇಬೇಕು ಎಂದೇನಿಲ್ಲ. ಏರಿಕೆಯ ಗೆರೆಯನ್ನು ಮೊದಲರ್ಧದಲ್ಲಿ ಮೆಲ್ಲಗೆ, ಆಮೇಲೆ ಬೇಗ ಎನ್ನುವಂತೆ ಬಾಗಿಸಿದ ಮೇಲೆ ಇನ್ನೂ ಹಿತವಾಯಿತು.

ಪೆಡಲ್‌ನ ಮಟ್ಟಿಗೂ ಒಂದು ಮಾತು. ಟಿಆರ್‌ಎಸ್ ಕೇಬಲ್ ಬೇಕು, ಮಾಮೂಲಿ ಗಿಟಾರ್ ಕೇಬಲ್ ನಡೆಯುವುದಿಲ್ಲ. ಒಳಗಿನ ಪಾಟ್ 10 ಕಿಲೋಓಮ್‌ನಿಂದ 100 ಕಿಲೋಓಮ್‌ವರೆಗಿನ ಲೀನಿಯರ್ ಬಗೆಯದಾಗಿದ್ದರೆ ಒಳ್ಳೆಯದು. ಜಾಕ್, ಪ್ಲಗ್ ಎಲ್ಲ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ, ಬೆಸುಗೆ ಹಾಕಲು ಬಂದರೆ ನಾವೇ ಮಾಡಿಕೊಳ್ಳಬಹುದು. ಕ್ಯಾಲಿಬ್ರೇಶನ್ ಮಾತ್ರ ನುಡಿಸುವ ಭಂಗಿಯಲ್ಲೇ ಮಾಡಿ. ಗಣೇಶನ ಮುಂದಿನ ವೇದಿಕೆಗೆ ನಾವು ಚಪ್ಪಲಿ ಬಿಟ್ಟು ಹತ್ತುತ್ತೇವೆ, ಕುರ್ಚಿಯಲ್ಲಿ ಕೂತು ನುಡಿಸುತ್ತೇವೆ. ಬರಿಗಾಲಿನಲ್ಲಿ ಕೂತವನ ಪಾದ ಪೆಡಲನ್ನು ಕೊನೆಯವರೆಗೆ ಒತ್ತುವುದಿಲ್ಲ. ಬೂಟು ಹಾಕಿ ನಿಂತು ಅಳತೆ ಕೊಟ್ಟ ಪೆಡಲ್ ಅಲ್ಲಿ ನೂರಕ್ಕೆ ಮುಟ್ಟದೆ ಉಳಿಯುತ್ತದೆ.

ಒಂದೇ ಗುಂಡಿಗೆ ಎರಡು ಸೀನ್‌ಗಳಲ್ಲಿ ಬೇರೆ ಬೇರೆ ವ್ಯಾಪ್ತಿ ಬೇಕಾದಾಗ ನಾನು ಡಿಲೇ ಬ್ಲಾಕನ್ನೇ ಇನ್ನೊಂದು ಇಟ್ಟುಕೊಳ್ಳುತ್ತೇನೆ. ‘ಪ್ರೇಮಲೋಕ’ದ ಲೀಡ್‌ಗೆ ಮಿಕ್ಸ್ ಶೇ. 10ರಿಂದ 30 ಸಾಕು, ‘ಮುಂಗಾರು ಮಳೆ’ಯ ಆರಂಭಕ್ಕೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಎರಡು ಬ್ಲಾಕ್, ಎರಡು ಮಾಡಿಫೈಯರ್, ಸೀನ್ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚುತ್ತದೆ. ಎಫ್‌ಎಂ3ಯ ಪ್ರೊಸೆಸರ್ ಶಕ್ತಿಗೆ ಮಿತಿ ಇದೆಯಾದ್ದರಿಂದ ರಿವರ್ಬ್‌ನ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಬೇಕಾಗುತ್ತದೆ. ಪೆಂಡಾಲಿನ ತಗಡಿನ ಕೆಳಗೆ ಆ ವ್ಯತ್ಯಾಸ ಯಾರಿಗೂ ಕೇಳುವುದಿಲ್ಲ. ಜೆ.ಪಿ. ನಗರದ ರಂಗಶಂಕರದಂಥ ಕಡೆ ನುಡಿಸುವುದಾದರೆ ನಾನು ಡಿಲೇ ಒಂದನ್ನೇ ಇಟ್ಟು ರಿವರ್ಬನ್ನು ಉಳಿಸಿಕೊಳ್ಳುತ್ತೇನೆ.