ಪಿಡಿಒ ಕುರ್ಚಿಯಲ್ಲಿ ಕೂತ ಅರ್ಥಶಾಸ್ತ್ರ

ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿ ಯಾದಗಿರಿ ಸೀಮೆಗೆ ಹೋದಾಗ ನನಗೆ ಬೇಡಿಕೆಯ ರೇಖೆ ಗೊತ್ತಿತ್ತು, ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ) ತೆಗೆಯುವುದು ಹೇಗೆಂದು ಗೊತ್ತಿರಲಿಲ್ಲ. ಸಿದ್ಧಾಂತವೆಲ್ಲ ಬೂಸಾ ಎನ್ನುವವರ ಸಾಲಿನಲ್ಲಿ ನಾನಿಲ್ಲ, ಈಗಲೂ ಆಸೆಯಿಂದ ಓದುತ್ತೇನೆ. ಆದರೆ ಆ ಪುಸ್ತಕಗಳಲ್ಲಿ ಬರುವ ಮನುಷ್ಯ ಒಬ್ಬನೇ ಕೂತು ಲೆಕ್ಕ ಹಾಕಿ, ತೀರ್ಮಾನ ಮಾಡಿ, ಎದ್ದು ಹೋಗುತ್ತಾನೆ. ನನ್ನ ಪಂಚಾಯಿತಿಯಲ್ಲಿ ಹಾಗೆ ಎದ್ದು ಹೋಗುವ ಸೌಕರ್ಯ ಯಾರಿಗೂ ಇರಲಿಲ್ಲ. ಬೆಳಗಾದರೆ ಅದೇ ಓಣಿ, ಅದೇ ಮುಖಗಳು. ನನ್ನ ಎಡವಟ್ಟುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದಲೇ ಆದವು.

1. ಕೂಲಿ ಎಷ್ಟು ಅನ್ನುವುದಕ್ಕಿಂತ ಮೊದಲು, ಯಾವಾಗ?

ಸುಗ್ಗಿ ಮುಗಿದರೆ ನಮ್ಮ ಕಡೆ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಪುಣೆ, ಮುಂಬೈನ ಕಟ್ಟಡ ಕೆಲಸಕ್ಕೆ. ನಗರದಲ್ಲಿ ಸಿಗಬಹುದಾದ ಕೂಲಿ ಊರಿನ ಕೂಲಿಗಿಂತ ಹೆಚ್ಚಿದ್ದರೆ ಜನ ವಲಸೆ ಹೋಗುತ್ತಾರೆ ಎಂದು ಹ್ಯಾರಿಸ್ ಮತ್ತು ಟೊಡಾರೊ 1970ರಲ್ಲಿ ಬರೆದದ್ದು ನನಗೆ ಬಾಯಿಪಾಠ. 2019-20ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 249 ರೂಪಾಯಿ. ನಗರದ ಕೂಲಿಯಿಂದ ಶೆಡ್ಡಿನ ಬಾಡಿಗೆ, ಊಟ, ಬಸ್ ಚಾರ್ಜು ಕಳೆದರೆ ಊರಲ್ಲೇ ಇರುವುದು ಲಾಭ ಎಂದು ಪಂಚಾಯಿತಿ ಗೋಡೆಯ ಮೇಲೆ ಲೆಕ್ಕ ಬರೆಸಿದೆ. ಜನ ನಿಂತು ಓದಿದರು, ತಲೆಯಾಡಿಸಿದರು, ವಾರದೊಳಗೆ ರಾತ್ರಿ ಬಸ್ ಹತ್ತಿದರು.

ಲೆಕ್ಕದಲ್ಲಿ ನಾನು ಬಿಟ್ಟದ್ದು ಮೇಸ್ತ್ರಿಯ ಮುಂಗಡ. ಹೊರಡುವ ಮೊದಲೇ ಕೈಗೆ ಒಟ್ಟಾಗಿ ಬೀಳುವ ಆ ಹಣದಿಂದ ಆಸ್ಪತ್ರೆಯ ಸಾಲವೋ ಮದುವೆಯ ಸಾಲವೋ ತೀರುತ್ತದೆ. ನಮ್ಮ ಹಣವೋ ಎನ್‌ಎಂಆರ್ ಮುಗಿದು, ಎಂಜಿನಿಯರ್ ಅಳತೆ ತೆಗೆದು, ಎಫ್‌ಟಿಒ (ಹಣ ವರ್ಗಾವಣೆಯ ಆದೇಶ) ಆಗಿ, ಆಧಾರ್ ಸರಿ ಇದ್ದರೆ ಖಾತೆಗೆ ಬರಬೇಕಿತ್ತು. 15 ದಿನದೊಳಗೆ ಕೊಡಬೇಕೆಂದು ಆಗಿನ ಕಾಯ್ದೆ ಹೇಳುತ್ತಿತ್ತು, ತಡವಾದರೆ ದಿನಕ್ಕೆ ಶೇ. 0.05 ಪರಿಹಾರವೂ ಇತ್ತು. ಆರು ದಿನದ ಕೂಲಿ 1,494 ರೂಪಾಯಿಗೆ ಅದು ದಿನಕ್ಕೆ ಮುಕ್ಕಾಲು ರೂಪಾಯಿ. ಕೈಸಾಲ ಕೊಟ್ಟವನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಹಿಡಿದರೂ ಅಷ್ಟೇ ಹಣಕ್ಕೆ ದಿನಕ್ಕೆ ಒಂದೂವರೆ ರೂಪಾಯಿ ಆಗುತ್ತದೆ. ಗೋಡೆಯ ಲೆಕ್ಕಕ್ಕೆ ಸುಣ್ಣ ಬಳಿಸಿದೆ. ಅಳತೆ ತಡವಾಗದಂತೆ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಸಾಲವಿಲ್ಲದ ಕೆಲವು ಮನೆಯವರು ಉಳಿದರು. ಸಾಲವಿದ್ದವರನ್ನು ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

2. ನೀರಗಂಟಿಯೂ ಅದೇ ಊರಿನವನು

ನೀರಿನ ಕರ ಕಟ್ಟದವರ ನಲ್ಲಿ ಕತ್ತರಿಸಿದರೆ ಉಳಿದವರು ತಾವಾಗಿ ಕಟ್ಟುತ್ತಾರೆ ಎಂಬುದು ನನ್ನ ನಂಬಿಕೆ. ಬಾಕಿ ಪಟ್ಟಿಯನ್ನು ನೀರಗಂಟಿಯ ಕೈಗೆ ಕೊಟ್ಟೆ. ಸಂಜೆ ಬಂದು ಪಾನಾ ಸಿಗಲಿಲ್ಲ ಅಂದ. ಮರುದಿನ ಪಾನಾ ನಾನೇ ಕೊಡಿಸಿದೆ, ಅವನಿಗೆ ಜ್ವರ ಬಂತು. ಪಟ್ಟಿಯ ಮೊದಲ ಹೆಸರು ಅವನ ಬೀಗರದು, ಎರಡನೆಯದು ಪಂಚಾಯಿತಿ ಸದಸ್ಯರದು ಎಂದು ತಿಳಿಯುವ ಹೊತ್ತಿಗೆ ನಾನು ಸಾಕಷ್ಟು ಕೂಗಾಡಿಯಾಗಿತ್ತು.

ಕರ ಕಟ್ಟದ ಅದೇ ಮನೆಗಳಿಂದ ಹುಡುಗರು ನಾಣ್ಯ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು ನಿಲ್ಲುತ್ತಿದ್ದರು. ಅಲ್ಲಿ ದುಡ್ಡು ಹಾಕಿದ ತಕ್ಷಣ ನೀರು. ನಮ್ಮ ನಲ್ಲಿಯಲ್ಲಿ ತ್ರೀಫೇಸ್ ಕರೆಂಟು ಬಂದಾಗ ನೀರು, ಅದು ನಡುರಾತ್ರಿಯೂ ಆಗಬಹುದು. ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಬರೆದು ಹಾಕಿ, ಆದಷ್ಟು ಅದರಂತೆ ನಡೆದ ಮೇಲೆ ವಸೂಲಿ ಸ್ವಲ್ಪ ಏರಿತು. ಪಾನಾ ಇನ್ನೂ ಹೊಸದಾಗಿಯೇ ಇದೆ.

3. ಚರಂಡಿ ಸದಸ್ಯರ ಗಡಿಗೆ ಬಂದು ನಿಲ್ಲುತ್ತದೆ

ಸಾರ್ವಜನಿಕ ಸರಕುಗಳ ಬಗ್ಗೆ ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಬರೀ ಮೂರು ಪುಟದ್ದು. ನಮ್ಮ ಒಂದು ಚರಂಡಿಯ ಕಡತ ಅದಕ್ಕಿಂತ ದಪ್ಪ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಸರಿ, ಮೇಲಿನ ಓಣಿಯಿಂದ ಹಳ್ಳದವರೆಗೆ ಒಂದೇ ಚರಂಡಿ ಎಂದು ನಕ್ಷೆ ಬರೆಸಿ, ನೀರು ಇಳಿಯುವ ದಿಕ್ಕಿಗೆ ಬಾಣ ಹಾಕಿಸಿ ಸಭೆಗೆ ಒಯ್ದೆ. ಎಲ್ಲರೂ ಹೊಗಳಿದರು. ಹೊಗಳಿಯಾದ ಮೇಲೆ ಹಣವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿದರು.

ಫಲ, ಊರ ತುಂಬ ತುಂಡು ಚರಂಡಿಗಳು. ಎಲ್ಲಿಂದಲೋ ಶುರುವಾಗಿ ಯಾರದೋ ಮನೆ ಮುಂದೆ ಮುಗಿಯುವಂಥವು. ಮಳೆ ಬಂದರೆ ಮೇಲಿನ ಓಣಿಯ ಕೊಳೆ ಅಚ್ಚುಕಟ್ಟಾಗಿ ಹರಿದು ಬಂದು ಕೆಳಗಿನವರ ಅಂಗಳ ಸೇರುತ್ತಿತ್ತು. ಸದಸ್ಯರಿಗೆ ಬುದ್ಧಿಯಿಲ್ಲ ಎಂದು ತಾಲ್ಲೂಕು ಪಂಚಾಯಿತಿಯಲ್ಲಿ ಹೇಳಿಕೊಂಡು ತಿರುಗಿದೆ. ಆಮೇಲೆ ಜಾಣತನ ಮಾಡಲು ಹೋಗಿ, ಚೀಟಿ ವ್ಯವಹಾರದ ಹಾಗೆ ಸರದಿ ಹಾಕೋಣ, ಈ ವರ್ಷದ ಪೂರ್ತಿ ಹಣ ಒಂದು ಓಣಿಗೆ, ಮುಂದಿನ ವರ್ಷ ಇನ್ನೊಂದಕ್ಕೆ ಅಂದೆ. ಒಬ್ಬ ಹಿರಿಯ ಸದಸ್ಯರು ನಕ್ಕು, “ಅಧ್ಯಕ್ಷರು ಇರೋದು ಮೂವತ್ತು ತಿಂಗಳು, ನೀವಿರೋದು ವರ್ಗ ಆಗೂತನಕ. ನಮ್ಮ ಪಾಳಿ ಬಂದಾಗ ಯಾರನ್ನ ಕೇಳಬೇಕ್ರೀ ಸರ?” ಅಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸಮಪಾಲು ಮೂರ್ಖತನದಂತೆ ಕಂಡರೂ, ಮಾತಿಗೆ ಜಾಮೀನಿಲ್ಲದ ಕಡೆ ಜನ ಜಗಳವಾಡದೆ ಬದುಕಲು ಕಂಡುಕೊಂಡ ಏರ್ಪಾಡು ಅದು. ಕೊನೆಗೆ ಆದದ್ದು ಇಷ್ಟೇ: ಅಕ್ಕಪಕ್ಕದ ಇಬ್ಬರು ಸದಸ್ಯರು ತಮ್ಮ ಪಾಲು ಕೂಡಿಸಿದರು. ಅವರಿಬ್ಬರ ಹೊಲ ಒಂದೇ ಬದುವಿಗೆ ಇತ್ತು, ನೀರಿನ ಜಗಳ ಅವರಿಗೆ ಮೊದಲೇ ಗೊತ್ತಿತ್ತು. ಊರಲ್ಲಿ ಹಳ್ಳ ಮುಟ್ಟಿದ ಚರಂಡಿ ಅದೊಂದೇ.

4. ಮಧ್ಯದ ಮತದಾರ ನನಗೆ ಸಿಕ್ಕಿಲ್ಲ

ಸ್ಪರ್ಧಿಗಳೆಲ್ಲ ಮಧ್ಯದಲ್ಲಿರುವ ಮತದಾರನ ಕಡೆಗೆ ವಾಲುತ್ತಾರೆ ಎಂಬ ತರ್ಕ 1948ರ ಡಂಕನ್ ಬ್ಲ್ಯಾಕ್ ಬರಹದಿಂದ ಬೆಳೆದು ಬಂದದ್ದು. ಗ್ರಾಮ ಪಂಚಾಯಿತಿ ಚುನಾವಣೆಗೆ ನಮ್ಮಲ್ಲಿ ಪಕ್ಷದ ಚಿಹ್ನೆಯಿಲ್ಲ, ಹಾಗಾಗಿ ನೀರು, ರಸ್ತೆಗಳೇ ಇಲ್ಲಿ ಮುಖ್ಯವಾಗುತ್ತವೆ ಎಂದುಕೊಂಡಿದ್ದೆ. ಮತಗಳು ಮನೆತನ ಮತ್ತು ಓಣಿಯ ಪ್ರಕಾರ ಬಿದ್ದವು. ಬೇಸರದಿಂದ ಒಬ್ಬ ಹುಡುಗನನ್ನು ಕೇಳಿದರೆ, ಅಪ್ಪನಿಗೆ ಹೃದಯ ಬೇನೆ ಬಂದ ರಾತ್ರಿ ಜೀಪು ತಂದವರಿಗೆ ಹಾಕಿದೆ ಅಂದ. ಅದನ್ನು ಜಾತಿ ಎಂದು ಬರೆದುಕೊಳ್ಳಲೋ ಸೇವೆ ಎಂದು ಬರೆದುಕೊಳ್ಳಲೋ?

5. ದುಡ್ಡೋ ಅಕ್ಕಿಯೋ ಎಂದು ಸಭೆಯಲ್ಲಿ ಕೇಳಬಾರದು

ವಸ್ತುವಿಗಿಂತ ನಗದು ಲೇಸು, ಬೇಕಾದ್ದನ್ನು ಕೊಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ ಎಂದು ಎಂ.ಎ.ಯಲ್ಲಿ ರೇಖೆ ಎಳೆದು ತೋರಿಸಿದ್ದರು. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರತೊಡಗಿದಾಗ ನನಗೆ ಒಳಗೊಳಗೇ ಖುಷಿ. ಗ್ರಾಮಸಭೆಯಲ್ಲಿ ಯಾವುದು ಬೇಕು, ಕೈ ಎತ್ತಿ ಅಂದೆ. ಗಂಡಸರ ಕೈಗಳು ದುಡ್ಡಿಗೆ ಎದ್ದವು, ಹೆಂಗಸರು ಸುಮ್ಮನಿದ್ದರು. ದುಡ್ಡಿಗೇ ಬಹುಮತ ಎಂದು ನಡಾವಳಿಯಲ್ಲಿ ಬರೆಸಿದೆ.

ರೇಷನ್ ಅಂಗಡಿಯ ಸಾಲಿನಲ್ಲಿ ಒಬ್ಬಾಕೆ ಬೇರೆಯೇ ಹೇಳಿದಳು. “ದುಡ್ಡು ಬಂದ್ರ ಸಂಘದ ಕಂತಿಗಿ ಹೋಗ್ತದ್ರೀ ಸಾಹೇಬ್ರ, ಅಕ್ಕಿ ಬಂದ್ರ ಒಲಿ ಮ್ಯಾಲ ಹೋಗ್ತದ.” ಖಾತೆಯಲ್ಲಿ ಬಿದ್ದ ದುಡ್ಡಿಗೆ ಗಂಡ, ಸಂಘ, ಸಾಲಗಾರ ಎಲ್ಲರ ಹಕ್ಕು. ಚೀಲದ ಅಕ್ಕಿಯನ್ನು ಅಷ್ಟು ಸುಲಭವಾಗಿ ಯಾರೂ ಕೇಳುವುದಿಲ್ಲ. ಸ್ವಾತಂತ್ರ್ಯ ಕಡಿಮೆ ಇರುವುದೇ ಅವಳಿಗೆ ಅನುಕೂಲವಾಗಿತ್ತು.

2025ರಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡತೊಡಗಿತು. ಆಕೆಯ ಮಾತನ್ನು ನೆನೆದು, ಈಗ ಸಮಾಧಾನವೇನಮ್ಮ ಎಂದು ಕೇಳಿದೆ. ಚೀಲ ತಲೆಯ ಮೇಲೆ ಇಟ್ಟುಕೊಳ್ಳುತ್ತಾ, “ನಾವು ಉಣ್ಣೋದು ರೊಟ್ಟಿ. ಜೋಳ ಯಾವಾಗ ಕೊಡ್ತೀರಿ?” ಅಂದಳು. ನನ್ನ ಪ್ರಶ್ನೆಯಲ್ಲಿ ಜೋಳ ಇರಲೇ ಇಲ್ಲ.